ಹಾಸಿಗೆ ಅಂಗಡಿಯಲ್ಲಿ ಎಲ್ಲರೂ ತೀರಿಹೋದ ದಿನ

ಒಂದು ಪದ ಬದಲಾಯಿಸುವುದಕ್ಕೆ ಮನುಷ್ಯರು ಎಷ್ಟು ಓದಿರಬೇಕು? ನಾಲ್ಕನೇ ಕ್ಲಾಸು ಧಾರಾಳವಾಗಿ ಸಾಕು ಎಂದು ಹಾಸಿಗೆ ಅಂಗಡಿಯ ಯಜಮಾನಿ ತೀರ್ಮಾನಿಸಿದಳು. ಅವಳು ಓದಿದ್ದೂ ಅಷ್ಟೇ.

ಹೊಲಿಯುತ್ತಿದ್ದ ದಬ್ಬಣವನ್ನು ದಾರದ ಉಂಡೆಗೆ ಚುಚ್ಚಿ, ಸೀರೆಯ ಮೇಲಿನ ಹತ್ತಿ ಕೊಡವಿಕೊಂಡು ಎದ್ದು ನಿಂತಳು. ಯುದ್ಧಕ್ಕೆ ಹೊರಟ ರಾಣಿಯರು ಹೀಗೇ ಎದ್ದಿರಬೇಕು.

"ವೆಬ್‌ಸೈಟನ್ನ ಇವತ್ತು ನಾನೇ ಸರಿಮಾಡ್ತೀನಿ. ಯಾರ ಕೈಕಾಲೂ ಹಿಡಿಯಲ್ಲ. ಇಷ್ಟು ದಪ್ಪ ಹಾಸಿಗೇಲಿ ದಬ್ಬಣ ದಾಟಿಸ್ತೀನಿ, ಒಂದು ಪದ ದಾಟಿಸೋಕೆ ಆಗಲ್ವಾ?"

ಈ ಘೋಷಣೆಯನ್ನು ಕೇಳಿಸಿಕೊಂಡವನು ಗೊರಕೆ ಒಬ್ಬನೇ. ಅಂಗಡಿಯಲ್ಲಿ ಹತ್ತಿ ಹಿಂಜಿ ತುಂಬುವ ಕೆಲಸ ಅವನದು. ತುಂಬಿದ ಮೇಲೆ ಒಳಗೆ ಗಂಟು ಉಳಿದಿದೆಯೋ ಎಂದು ಮೇಲೆ ಮಲಗಿ ನೋಡುವ ಕೆಲಸವೂ ಅವನದೇ. ಎರಡನೆಯ ಕೆಲಸದಲ್ಲಿ ಅವನ ನಿಷ್ಠೆ ಹೆಚ್ಚು. ಊಟ ಮುಗಿಸಿ ಪರೀಕ್ಷೆಗೆ ಮಲಗಿದರೆ ಸಂಜೆಯವರೆಗೂ ಗಂಟು ಹುಡುಕುತ್ತಿದ್ದ. ಹುಡುಕುವ ಸದ್ದು ಬೀದಿಗೆಲ್ಲ ಕೇಳುತ್ತಿತ್ತು. ಅದರಿಂದ ಬಂದ ಹೆಸರು.

"ಮಾಡಿ ಅತ್ತಿಗೆ," ಎಂದು ಅವನು ಮಗ್ಗುಲು ಬದಲಾಯಿಸಿದ.

ಆ ವೆಬ್‌ಸೈಟು ಅವಳ ಗಂಡನದು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿಸಿದ್ದ. ಮಾತು ಮಾತ್ರ ಎಲ್ಲ ಅವನದೇ. ಬಾಯಲ್ಲಿ ಹೇಗೆ ವ್ಯಾಪಾರ ಮಾಡುತ್ತಿದ್ದನೋ ಹಾಗೇ ಬರೆದಿದ್ದ. ಮೊದಲ ಪುಟದ ತಲೆಯ ಮೇಲೆ, 'ಹಾಸಿಗೆ ಇದ್ದಷ್ಟು ಕಾಲು ಚಾಚಬೇಡಿ. ಕಾಲು ಇದ್ದಷ್ಟು ಹಾಸಿಗೆ ಹೊಲಿಸಿ.' ಅದರ ಕೆಳಗೆ, 'ನಮ್ಮ ಅಂಗಡಿಯಲ್ಲಿ ಒಮ್ಮೆ ಮಲಗಿ ನೋಡಿ. ಏಳುವ ಮಾತೇ ಇಲ್ಲ.'

ಇನ್ನೊಂದು ಪುಟ ಸಾಕ್ಷಿಗಳದು. ಯಾರಾದರೂ ಹತ್ತಿ ಹೇಗಿದೆ, ಎಷ್ಟು ಕಾಲ ಬಾಳುತ್ತದೆ ಎಂದು ಅನುಮಾನ ಪಟ್ಟರೆ ಅವನು ಜಗಳ ಆಡುತ್ತಿರಲಿಲ್ಲ. ಇಂಥ ಕಡೆ ಇಂಥವರು ಇದ್ದಾರೆ, ಹೋಗಿ ಕೇಳಿ ಎಂದು ದಾರಿ ತೋರಿಸುತ್ತಿದ್ದ. ಕೇಳಲು ಹೋದವರು ಹಾಸಿಗೆಯನ್ನು ಮುಟ್ಟಿ ಬರುತ್ತಿದ್ದರು. ಆ ವಿದ್ಯೆಯನ್ನೇ ಪುಟಕ್ಕೂ ತಂದಿದ್ದ. 'ನಂಬಿಕೆ ಬಾರದಿದ್ದರೆ ಇವರನ್ನು ಕೇಳಿ' ಎಂದು ಹೆಸರಿಟ್ಟಿದ್ದ. ಗ್ರಂಥಾಲಯದ ಎದುರು ನಿವೃತ್ತ ಹೆಡ್‌ಮಾಸ್ಟರು ಇದ್ದಾರೆ. ತೆರಿಗೆ ಕಚೇರಿಯಲ್ಲಿ ಗುಮಾಸ್ತರು ಇದ್ದಾರೆ. ಮಾರುಕಟ್ಟೆ ಮೂಲೆಯಲ್ಲಿ ಹಲ್ಲಿನ ಡಾಕ್ಟರು ಇದ್ದಾರೆ. ಹೀಗೆ ಊರಿನ ಅರ್ಧ ಜನ ಅಲ್ಲಿ ಇದ್ದರು.

ಮತ್ತು ಪ್ರತಿಯೊಂದು ಪುಟದ ಬುಡದಲ್ಲಿ ಒಂದೇ ಸಾಲು. 'ಅಂಗಡಿಯಲ್ಲಿ ಯಜಮಾನರು ಇದ್ದಾರೆ. ಯಾವಾಗ ಬೇಕಾದರೂ ಬನ್ನಿ.'

ಯಜಮಾನರು ಇರಲಿಲ್ಲ. ಹೋದ ವರ್ಷ ಎದೆ ಹಿಡಿದುಕೊಂಡು ಆಸ್ಪತ್ರೆಗೆ ಹೋದವನು ವಾಪಸು ಬರಲಿಲ್ಲ.

ಸಾಲು ಉಳಿಯಿತು. ಅದನ್ನು ಓದಿದವರು ಫೋನು ಮಾಡಿ, ಯಜಮಾನರು ಇದ್ದಾರಾ ಎಂದು ಕೇಳುತ್ತಿದ್ದರು. ಇದ್ದಾರೆ ಎಂದು ಬರೆದಿರುವಾಗ ಕೇಳಿದವರದು ತಪ್ಪಲ್ಲ. ಅವಳು ಇಲ್ಲ ಎನ್ನುತ್ತಿದ್ದಳು. ಯಾವಾಗ ಬರುತ್ತಾರೆ ಎನ್ನುತ್ತಿದ್ದರು. ಆಗ ಅವಳು ಆ ಮಾತನ್ನು ಹೇಳಲೇಬೇಕಾಗುತ್ತಿತ್ತು. ಹೇಳಿದರೆ ಹೇಗಾಯಿತು, ಮೊದಲೇ ಗೊತ್ತಾಗಲಿಲ್ಲವೇ, ದೊಡ್ಡ ಡಾಕ್ಟರಿಗೆ ತೋರಿಸಲಿಲ್ಲವೇ ಎಂದು ವಿಚಾರಣೆ. ಅದಕ್ಕೂ ಉತ್ತರ ಹೇಳಬೇಕು. ಕೊನೆಗೆ, ಧೈರ್ಯ ತಂದುಕೊಳ್ಳಿ ಎಂದು ಫೋನು ಇಟ್ಟುಬಿಡುತ್ತಿದ್ದರು. ಸಾವಿನ ಸುದ್ದಿ ಕೇಳಿದ ಬಾಯಲ್ಲಿ ದಿಂಬಿನ ಬೆಲೆ ಕೇಳುವುದು ಹೇಗೆ? ಹೀಗಾಗಿ ಅವಳ ಹತ್ತಿರ ಧೈರ್ಯ ರಾಶಿ ಬಿತ್ತು. ಹಾಸಿಗೆಯೂ ರಾಶಿ ಬಿತ್ತು.

ಫೋನು ಎತ್ತುವ ಕೆಲಸವನ್ನು ಗೊರಕೆಗೆ ವಹಿಸಿ ನೋಡಿದಳು. ಯಜಮಾನರು ಇದ್ದಾರಾ ಎಂದರೆ ಸಾಕು, ಅವನು ಗೊಳೋ ಎಂದು ಅಳುತ್ತಿದ್ದ. ಆ ಕಡೆಯವರು ಸಮಾಧಾನ ಮಾಡಬೇಕಾಗುತ್ತಿತ್ತು. ಒಬ್ಬರಂತೂ ಪಾಪ ಎಂದು ಅಂಗಡಿಗೇ ಬಂದು ಅವನ ಬೆನ್ನು ಸವರಿ ಹೋದರು. ಅವರೂ ಹಾಸಿಗೆ ಕೊಳ್ಳಲಿಲ್ಲ.

ಅವಳಿಗೆ ಬೇಕಾಗಿದ್ದು ಇಷ್ಟೇ. ಆ ಮಾತನ್ನು ತನ್ನ ಬಾಯಿಂದ ಹೇಳುವ ಹಾಗೆ ಆಗಬಾರದು. ಪುಟವೇ ಹೇಳಿಬಿಡಲಿ. ಓದಿಕೊಂಡು, ಅಯ್ಯೋ ಎನ್ನುವುದನ್ನು ಅವರವರ ಮನೆಯಲ್ಲೇ ಮುಗಿಸಿಕೊಂಡು, ಆಮೇಲೆ ಫೋನು ಮಾಡಲಿ.

ಮಗಳಿಗೆ ಹೇಳಿದಾಗ ಅವಳು, ಆ ಸಾಲು ಅಳಿಸಿಬಿಡಮ್ಮ ಎಂದಳು. ಹೇಳುವುದು ಸುಲಭ. ತಾಯಿ ಹಿಂದೊಮ್ಮೆ ಅಳಿಸಲು ಕೂತಿದ್ದಳು. ಗಂಡ ಒಂದು ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದ ಸಾಲು. ಕೈ ಬರಲಿಲ್ಲ.

"ಅಳಿಸೋಕಾಗಲ್ಲ," ಎಂದಳು.

"ಹಾಗಾದ್ರೆ ಒಂದು ಪ್ಲಗಿನ್ ಇದೆ," ಎಂದಳು ಮಗಳು. "ಅದು ಬಾಗಿಲಲ್ಲಿ ನಿಂತಿರುತ್ತೆ ಅಂದ್ಕೋ. ಪುಟ ಪೂರ್ತಿ ತಯಾರಾಗಿ ನೋಡೋರ ಕೈಗೆ ಹೋಗೋ ಹೊತ್ತಿಗೆ ತಡೆದು, ಈ ಮಾತು ಇದ್ದ ಕಡೆ ಆ ಮಾತು ಹಾಕಿ ಕಳಿಸುತ್ತೆ. ಅಪ್ಪ ಬರೆದಿದ್ದು ಒಳಗೆ ಹಾಗೇ ಇರುತ್ತೆ. ಒಳಗಿನ ಹತ್ತಿ ಅದೇ, ಗವುಸು ಮಾತ್ರ ಬೇರೆ."

ಇದು ಅವಳಿಗೆ ತಟ್ಟನೆ ಅರ್ಥವಾಯಿತು. ಹತ್ತಿ ಅದೇ, ಗವುಸು ಬೇರೆ. ಇಷ್ಟು ಒಳ್ಳೆಯ ಯಂತ್ರ ಇಟ್ಟುಕೊಂಡು ಜನ ಯಾಕೆ ಮಾತಾಡುತ್ತಿಲ್ಲ ಎಂದು ಆಶ್ಚರ್ಯವೂ ಆಯಿತು. ಮಗಳು ಭಾನುವಾರ ಬಂದು ಹಾಕಿಕೊಡುತ್ತೇನೆ ಎಂದಳು. ಹುಡುಕಬೇಕಾದ ಜಾಗದಲ್ಲಿ ಇಡೀ ಸಾಲು ಹಾಕಬೇಕು, ನೆನಪಿರಲಿ, ನೀನು ಮುಟ್ಟಬೇಡ ಎಂದೂ ಹೇಳಿದಳು. ಮುಟ್ಟಬೇಡ ಎನ್ನುವ ಮಾತು ಅವಳ ಕಿವಿಯಲ್ಲಿ ಎಂದೂ ನಿಂತದ್ದಲ್ಲ.

ಹೀಗೆ ಯುದ್ಧಕ್ಕೆ ಹೊರಟಳು.

ಸೈಟಿನ ಒಳಕ್ಕೆ ಹೋಗುವುದು ಅವಳಿಗೆ ಗೊತ್ತಿತ್ತು. ಹೊಸ ಹಾಸಿಗೆಗಳ ಫೋಟೋ ಹಾಕುವುದನ್ನು ಮಗಳು ಕಲಿಸಿದ್ದಳು. ಪಾಸ್‌ವರ್ಡು ಯಜಮಾನಿ ಹುಟ್ಟಿದ ತಾರೀಕು. ಪ್ರೀತಿಯಿಂದ ಗಂಡ ಇಟ್ಟದ್ದು. ಆದರೆ ತಾರೀಕು ತಪ್ಪು. ಮದುವೆಯಾದಾಗಿನಿಂದಲೂ ಅವನು ಅದನ್ನು ತಪ್ಪಾಗಿಯೇ ನೆನಪಿಟ್ಟುಕೊಂಡಿದ್ದ. ಒಳಗೆ ಹೋಗಬೇಕಾದರೆ ಪ್ರತಿಸಲವೂ ಅವಳು ತನ್ನದಲ್ಲದ ದಿನ ಹುಟ್ಟಬೇಕಾಗುತ್ತಿತ್ತು.

ಹುಟ್ಟಿದಳು. ಪ್ಲಗಿನ್ ಹುಡುಕಿದಳು. ಹಾಕಿಕೊಳ್ಳಲೇ ಎಂದು ಕೇಳಿತು, ಹೂಂ ಎಂದಳು. ಶುರು ಮಾಡಲೇ ಎಂದಿತು, ಅದಕ್ಕೂ ಹೂಂ ಎಂದಳು. ಎರಡು ಖಾನೆ ಬಂದವು. ಒಂದರಲ್ಲಿ ಹುಡುಕಬೇಕಾದ ಮಾತು, ಇನ್ನೊಂದರಲ್ಲಿ ಬದಲಿ ಮಾತು.

ಇಡೀ ಸಾಲು ಹಾಕು ಎಂದಿದ್ದಳು ಮಗಳು. ಯಾಕೆ? ಅಂಗಡಿಯಲ್ಲಿ ಎನ್ನುವುದು ಸರಿಯಿದೆ. ಯಜಮಾನರು ಎನ್ನುವುದೂ ಸರಿಯಿದೆ. ಕೆಟ್ಟಿರುವುದು ಇದ್ದಾರೆ ಎನ್ನುವುದು ಒಂದೇ. ಹಾಸಿಗೆಯ ಒಂದು ಹೊಲಿಗೆ ಬಿಟ್ಟರೆ ಆ ಹೊಲಿಗೆ ಹಾಕಬೇಕು. ಇಡೀ ಅಂಚನ್ನು ಬಿಚ್ಚುವವಳು ಕಸುಬು ಗೊತ್ತಿಲ್ಲದವಳು. ಈಗಿನ ಮಕ್ಕಳಿಗೆ ದಾರದ ಬೆಲೆ ಗೊತ್ತಿಲ್ಲ ಎಂದುಕೊಂಡು ಮೊದಲ ಖಾನೆಯಲ್ಲಿ 'ಇದ್ದಾರೆ' ಎಂದು ಒತ್ತಿದಳು.

ಎರಡನೆಯ ಖಾನೆಯಲ್ಲಿ 'ಇಲ್ಲ' ಎಂದು ಹಾಕಿ ನೋಡಿದಳು. ಯಜಮಾನರು ಇಲ್ಲ ಎಂದರೆ ಟೀ ಕುಡಿಯಲು ಹೋದ ಹಾಗಿತ್ತು. ಅಳಿಸಿದಳು. ಬೆರಳು ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು. ಆಮೇಲೆ 'ತೀರಿಹೋದರು' ಎಂದು ಒಂದೊಂದೇ ಅಕ್ಷರ ಒತ್ತಿದಳು. ಬಾಯಲ್ಲಿ ಹೇಳುವುದಕ್ಕಿಂತ ಬೆರಳಲ್ಲಿ ಹೇಳುವುದು ವಾಸಿ.

ಮೊದಲ ಪುಟ ತೆರೆದು ಬುಡ ನೋಡಿದಳು. 'ಅಂಗಡಿಯಲ್ಲಿ ಯಜಮಾನರು ತೀರಿಹೋದರು. ಯಾವಾಗ ಬೇಕಾದರೂ ಬನ್ನಿ.' ಯಂತ್ರ ಹೇಳಿದ್ದನ್ನು ಮಾಡಿತ್ತು. ಗೊರಕೆಯನ್ನು ಎಬ್ಬಿಸಿ ತೋರಿಸಿದಳು. ಅವನು ಕಣ್ಣುಜ್ಜಿಕೊಂಡು ಓದಿದ.

"ಅತ್ತಿಗೆ, ಅಣ್ಣ ಹೋಗಿದ್ದು ಆಸ್ಪತ್ರೇಲಿ," ಎಂದ. "ಅಂಗಡಿಯಲ್ಲಿ ಅಂತ ಓದಿದ್ರೆ, ಯಾವ ಹಾಸಿಗೆ ಮೇಲೆ ಅಂತ ಕೇಳಲ್ವಾ? ಆ ಹಾಸಿಗೆ ಬೇಡ ಅಂತಾರೆ."

ಮಲಗಿಯೇ ಯೋಚಿಸುವವನಾದರೂ ಮಾತಿನಲ್ಲಿ ತೂಕವಿತ್ತು. ಅವಳು ಇನ್ನೆರಡು ಖಾನೆ ತೆರೆದಳು. 'ಅಂಗಡಿಯಲ್ಲಿ' ಎಂದಿದ್ದ ಕಡೆ 'ಆಸ್ಪತ್ರೆಯಲ್ಲಿ' ಎಂದು ಹಾಕು ಎಂದಳು. ಮತ್ತೆ ಬುಡ ನೋಡಿದಳು. 'ಆಸ್ಪತ್ರೆಯಲ್ಲಿ ಯಜಮಾನರು ತೀರಿಹೋದರು.' ನಿಜವಾದ ಮಾತು, ನೆಟ್ಟಗೆ ನಿಂತಿತ್ತು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು. ಬೇರೆ ಪುಟ ಯಾಕೆ ನೋಡಬೇಕು? ನೋಡಲಿಲ್ಲ.

ಆ ದಿನ ಫೋನು ಬರಲಿಲ್ಲ. ಯಾರೂ ಯಜಮಾನರನ್ನು ಕೇಳಲಿಲ್ಲ. ಅವಳು ಒಂದು ದೊಡ್ಡ ಹಾಸಿಗೆಯ ಅಂಚು ಹೊಲಿದು ಮುಗಿಸಿದಳು. ಕೆಲಸದ ನಡುವೆ ಮಗಳ ಕಂಪ್ಯೂಟರ್ ಓದಿಗೆ ಅಷ್ಟು ವರ್ಷ ಹಿಡಿದದ್ದು ಯಾಕೆ, ಇದರಲ್ಲಿ ಕಲಿಯುವಂಥದ್ದು ಏನಿದೆ ಎಂದು ಗೊರಕೆಗೆ ವಿವರವಾಗಿ ಹೇಳಿದಳು. ಅವನು ನಿದ್ದೆಯಲ್ಲೇ ಒಪ್ಪಿದ.

ಮರುದಿನ ಶಟರು ಎತ್ತುವ ಹೊತ್ತಿಗೇ ಫೋನು ಬಡಿದುಕೊಳ್ಳುತ್ತಿತ್ತು.

"ಹಾಸಿಗೆ ಖಾಲಿ ಇದೆಯಾ?" ಎಂದರು ಒಬ್ಬರು.

ಅವಳಿಗೆ ಕಣ್ಣು ತುಂಬಿ ಬಂತು. ಎಷ್ಟು ದಿನದ ಮೇಲೆ ಒಬ್ಬರು ಮೊದಲ ಮಾತಿಗೇ ಹಾಸಿಗೆ ಕೇಳಿದ್ದರು. ಪ್ಲಗಿನ್‌ಗೆ ಮನಸ್ಸಿನಲ್ಲೇ ಕೈಮುಗಿದು, ಬೇಕಾದಷ್ಟಿದೆ, ಎಷ್ಟು ಬೇಕು ಎಂದಳು.

"ಒಂದೇ ಸಾಕು. ನಮ್ಮತ್ತೆಗೆ ಮಂಡಿನೋವು. ಡಾಕ್ಟ್ರು ತೀರಿಹೋದ್ರು ಅಂತ ಹಾಕಿದ್ದೀರಿ, ಬೇರೆ ಡಾಕ್ಟ್ರು ಬಂದ್ರಾ?"

ಅವಳಿಗೆ ತಲೆಬುಡ ತಿಳಿಯಲಿಲ್ಲ. ರಾಂಗ್ ನಂಬರ್ ಎಂದು ಇಟ್ಟಳು. ಇಟ್ಟ ಕೂಡಲೇ ಇನ್ನೊಂದು. ಇವರು ಭಾರಿ ಕೋಪದಲ್ಲಿದ್ದರು. 'ಆಸ್ಪತ್ರೆಯಲ್ಲಿ ಹತ್ತಿ ತುಂಬುವುದನ್ನು ಮನೆಯವರು ಎದುರಿಗೇ ನಿಂತು ನೋಡಬಹುದು' ಎಂದು ಬರೆದುಕೊಳ್ಳುವುದಕ್ಕೆ ನಾಚಿಕೆಯಾಗುವುದಿಲ್ಲವೇ, ಸತ್ತವರ ಮನೆಯವರ ಹತ್ತಿರ ಆಡುವ ಮಾತೇ ಅದು ಎಂದು ಬೈದರು. ಬೈದವರು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ಆದರೆ ಆ ಸಾಲು ಎಲ್ಲೋ ಓದಿದ ಹಾಗಿತ್ತು. ಕಂಪ್ಯೂಟರಿನ ಕಡೆ ತಿರುಗುವಷ್ಟರಲ್ಲಿ ಬೀದಿಯ ತುದಿಯಿಂದ ಅಳುವ ಸದ್ದು ಕೇಳಿತು.

ಬಂದವಳು ಗೊರಕೆಯ ಅಕ್ಕ. 'ನಮ್ಮಲ್ಲಿ ನುರಿತ ಕೆಲಸಗಾರರು ಇದ್ದಾರೆ' ಎಂದು ಗಂಡ ಬರೆದಿದ್ದ. ಈಗ ಆ ನುರಿತ ಕೆಲಸಗಾರರು ತೀರಿಹೋಗಿದ್ದರು. ಅಂಗಡಿಯಲ್ಲಿ ನುರಿತವನು ಒಬ್ಬನೇ ಎಂದು ಬಲ್ಲ ಯಾರೋ ಅಕ್ಕನಿಗೆ ಓದಿ ಹೇಳಿದ್ದರು. ಅವಳು ಚಪ್ಪಲಿ ಕೂಡ ಮೆಟ್ಟದೆ ಓಡಿ ಬಂದಿದ್ದಳು. ಬಾಗಿಲಲ್ಲಿ ನಿಂತು ನೋಡುತ್ತಾಳೆ, ತಮ್ಮನು ಹೊಸ ಹಾಸಿಗೆಯ ಮೇಲೆ ಅಂಗಾತ ಮಲಗಿದ್ದಾನೆ. ನೊಣ ಬರುತ್ತದೆ ಎಂದು ಮುಖದ ತುಂಬ ಬಿಳಿ ಬಟ್ಟೆ ಹೊದ್ದಿದ್ದಾನೆ.

ಅಕ್ಕ ಅಲ್ಲೇ ಕುಸಿದು, ನನ್ನ ಕಂದಾ ಎಂದು ಎದೆ ಬಡಿದುಕೊಂಡಳು. ಅಕ್ಕಪಕ್ಕದ ಅಂಗಡಿಯವರು ಓಡಿ ಬಂದರು. ಆಗ ಬಟ್ಟೆಯ ಕೆಳಗಿನಿಂದ ಗರಗಸ ಎಳೆದ ಹಾಗೆ ಒಂದು ಸದ್ದು ಎದ್ದಿತು. ಆ ಗೊರಕೆಯನ್ನು ಕೇಳಿ ಒಬ್ಬರು ಸಂತೋಷಪಟ್ಟದ್ದು ಅದೇ ಮೊದಲು. ಆಮೇಲೆ ಅಕ್ಕ ಅವನನ್ನು ಎಬ್ಬಿಸಿ, ಬದುಕಿದ್ದಕ್ಕೆ ಎರಡು ಬಾರಿಸಿದಳು.

ಅದು ಮುಗಿಯುವ ಮೊದಲೇ ತೆರಿಗೆ ಕಚೇರಿಯ ಗುಮಾಸ್ತರು ಬಂದರು. ಅವರ ಮುಖ ನೋಡಿದರೆ ಅಳಬೇಕೋ ಬೈಯಬೇಕೋ ಅವರಿಗೇ ತಿಳಿದಂತಿರಲಿಲ್ಲ. ಎಂದಿನ ಹಾಗೆ ತಡವಾಗಿ ಕಚೇರಿಗೆ ಹೋದರೆ ಬಾಗಿಲಿಗೆ ಬೀಗ. ಬಾಗಿಲ ಮೇಲೆ ಅವರದೇ ಫೋಟೋ. ಅಗಲಿದ ಸಹೋದ್ಯೋಗಿಗೆ ಗೌರವ ಸೂಚಿಸಿ ಕಚೇರಿಗೆ ರಜೆ ಎಂಬ ಬರಹ. ಎಲ್ಲರೂ ಎರಡು ನಿಮಿಷ ಮೌನ ಆಚರಿಸಿ ಮನೆಗೆ ಹೋಗಿದ್ದರು. ಬದುಕಿದ್ದೇನೆ ಎಂದು ಸಾಹೇಬರಿಗೆ ಫೋನು ಮಾಡಿದರೆ, ಆಗಲಿ, ಅದನ್ನು ನಾಳೆ ನೋಡೋಣ ಎಂದರಂತೆ.

"ರಜೆ ಸಿಕ್ಕಿದ್ದು ಎಲ್ಲರಿಗೂ. ನನಗೆ ಮಾತ್ರ ಗೈರುಹಾಜರಿ," ಎಂದರು ಗುಮಾಸ್ತರು. "ಏನಮ್ಮ ನಾನು ನಿಮಗೆ ಮಾಡಿದ್ದು? ಎರಡು ದಿಂಬು ತಗೊಂಡಿದ್ದೆ, ಅಷ್ಟೇ ತಾನೆ?"

ಅಷ್ಟರಲ್ಲಿ ಮಗಳ ಫೋನು ಬಂತು. ಪುಟದ ಚಿತ್ರ ಊರಿನವರ ಮೊಬೈಲುಗಳನ್ನೆಲ್ಲ ಸುತ್ತಿ ಅವಳ ಕೈಗೂ ಸೇರಿತ್ತು. ಏನು ಮಾಡಿದೆ ಎಂದು ಮಗಳು ಕೇಳಿದಳು. ಒಂದು ಪದ ಬದಲಾಯಿಸಿದೆ ಎಂದು ತಾಯಿ ಹೇಳಿದಳು. ಎರಡು ಎಂದು ಆಮೇಲೆ ಸೇರಿಸಿದಳು.

"ಎಷ್ಟು ಜನರನ್ನ ಕೊಂದಿದ್ದೀಯ ಗೊತ್ತಾಮ್ಮ? ಸಾಕ್ಷಿಗಳ ಪುಟ ತೆಗೆದು ನೋಡು."

ತೆಗೆದಳು. ಅದು ಸಾಕ್ಷಿಗಳ ಪುಟವಾಗಿ ಉಳಿದಿರಲಿಲ್ಲ, ಸ್ಮಶಾನವಾಗಿತ್ತು.

'ಗ್ರಂಥಾಲಯದ ಎದುರು ನಿವೃತ್ತ ಹೆಡ್‌ಮಾಸ್ಟರು ತೀರಿಹೋದರು. ಎಷ್ಟೋ ವರ್ಷದ ಬೆನ್ನುನೋವು ಒಂದೇ ರಾತ್ರಿಯಲ್ಲಿ ಹೋಯಿತು.'

'ತೆರಿಗೆ ಕಚೇರಿಯಲ್ಲಿ ಗುಮಾಸ್ತರು ತೀರಿಹೋದರು. ನಮ್ಮ ದಿಂಬು ಸಿಕ್ಕಿದ ಮೇಲೆ ಅವರಿಗೆ ಎಚ್ಚರವೇ ಆಗುವುದಿಲ್ಲ.'

'ಮಾರುಕಟ್ಟೆ ಮೂಲೆಯಲ್ಲಿ ಹಲ್ಲಿನ ಡಾಕ್ಟರು ತೀರಿಹೋದರು. ಮೊದಲು ಮಾತೆತ್ತಿದರೆ ಸಿಡುಕುತ್ತಿದ್ದರು. ಈಗ ಶಾಂತರಾಗಿದ್ದಾರೆ. ಮನೆಯವರಿಗೂ ನೆಮ್ಮದಿ.'

ಮೊದಲ ಪುಟದ ತಲೆಯ ಕೆಳಗೆ, 'ನಮ್ಮ ಆಸ್ಪತ್ರೆಯಲ್ಲಿ ಒಮ್ಮೆ ಮಲಗಿ ನೋಡಿ. ಏಳುವ ಮಾತೇ ಇಲ್ಲ.'

ಇಷ್ಟೆಲ್ಲ ಓದಿಯೂ ಊರಿನ ಒಬ್ಬರಿಗೂ ಅನುಮಾನ ಬಂದಿರಲಿಲ್ಲ. ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ. ಆದರೆ ಜನರನ್ನು ಆಡಿಕೊಳ್ಳುವ ಬಾಯಿ ಅವಳಿಗೆ ಆ ಹೊತ್ತು ಉಳಿದಿರಲಿಲ್ಲ. ಗಂಡ ಬದುಕೆಲ್ಲ ಕಷ್ಟಪಟ್ಟು ಕೂಡಿಸಿದ ಸಾಕ್ಷಿಗಳು. ಅವನು ಒಬ್ಬೊಬ್ಬರಿಗೂ ತಾನೇ ಹಾಸಿಗೆ ಹೊತ್ತು ಹೋಗಿ ಹಾಸಿಕೊಟ್ಟಿದ್ದ. ಅವಳು ಕೂತಲ್ಲೇ ಎಲ್ಲರನ್ನೂ ಮುಗಿಸಿದ್ದಳು.

"ಈಗ ಏನು ಮಾಡೋದು?" ಎಂದಳು. ದನಿ ತೀರ ಸಣ್ಣದಾಗಿತ್ತು.

ಗಾಬರಿ ಬೇಡ ಎಂದಳು ಮಗಳು. ಒಳಗೆ ಏನೂ ಕೆಟ್ಟಿಲ್ಲ, ಬಾಗಿಲಲ್ಲಿ ನಿಂತಿರುವವನನ್ನು ಕಳಿಸಿದರೆ ಆಯಿತು. ಪ್ಲಗಿನ್ ಹೆಸರಿನ ಕೆಳಗೆ ನಿಲ್ಲಿಸು ಎಂದಿರುತ್ತದೆ, ಅದನ್ನು ಒತ್ತು. ಎಲ್ಲರೂ ಬದುಕುತ್ತಾರೆ.

ಅವಳು ಬಾಣದ ಗುರುತನ್ನು ಅಲ್ಲಿಗೆ ತಂದಳು. ಒತ್ತಲಿಲ್ಲ. ಎಲ್ಲರೂ ಬದುಕುತ್ತಾರೆ ಎಂದರೆ ಎಲ್ಲರೂ. ಇಷ್ಟು ಕಷ್ಟಪಟ್ಟು ಹೇಳಿಸಿದ ಒಂದು ಮಾತೂ ಹೋಗುತ್ತದೆ. ನಾಳೆಯಿಂದ ಮತ್ತೆ ಅದೇ ಫೋನು, ಅದೇ ಪ್ರಶ್ನೆ.

"ಒತ್ತಿದ್ಯಾಮ್ಮ?"

"ಒತ್ತಿದೆ," ಎಂದು ಸುಳ್ಳು ಹೇಳಿ, ಆಮೇಲೆ ಒತ್ತಿದಳು.

ಹೆಡ್‌ಮಾಸ್ಟರು ಎದ್ದು ಕೂತರು. ಗುಮಾಸ್ತರು ಕಚೇರಿಗೆ ಮರಳಿದರು. ಹಲ್ಲಿನ ಡಾಕ್ಟರಿಗೆ ಮತ್ತೆ ಜೀವ ಬಂತು. ಆಸ್ಪತ್ರೆ ಹೋಗಿ ಅಂಗಡಿಯಾಯಿತು. ಅವಳು ಬುಡದವರೆಗೆ ಇಳಿದು ನೋಡಿದಳು. 'ಅಂಗಡಿಯಲ್ಲಿ ಯಜಮಾನರು ಇದ್ದಾರೆ.' ತನಗೆ ಗೊತ್ತಿಲ್ಲದ ಹಾಗೆ ಗಂಡನ ಕುರ್ಚಿಯ ಕಡೆ ಕತ್ತು ತಿರುಗಿತು. ಕುರ್ಚಿಯಲ್ಲಿ ಗೊರಕೆಯ ಅಕ್ಕ ಕೂತು ಮೂಗು ಒರೆಸಿಕೊಳ್ಳುತ್ತಿದ್ದಳು.

ಯಂತ್ರದಲ್ಲಿ ಬದುಕಿದರೆ ಸಾಲದು, ಊರಲ್ಲಿಯೂ ಬದುಕಬೇಕಲ್ಲ. ಗುಮಾಸ್ತರಿಗೆ ಅಲ್ಲೇ ಒಂದು ದಿಂಬು ಕೊಟ್ಟು ಕ್ಷಮೆ ಕೇಳಿದಳು. ಉಳಿದವರಿಗೆ ತಲೆಗೊಂದು ದಿಂಬಿನಂತೆ ಗೊರಕೆಯ ಹೆಗಲಿಗೆ ಹೊರಿಸಿಕೊಂಡು ಹೊರಟಳು. ನಡುಬೀದಿಯಲ್ಲಿ ಜನ ನಿಲ್ಲಿಸಿ ನಿಲ್ಲಿಸಿ ಕೇಳಿದರು. ಇವನು ಸತ್ತಿದ್ದನಲ್ಲ ಎಂದು ಗೊರಕೆಯನ್ನು ಕೈಯಿಂದ ಮುಟ್ಟಿ ನೋಡಿದರು. ಇಲ್ಲ, ಇವನಲ್ಲ, ಯಾರೂ ಅಲ್ಲ, ಹೋದದ್ದು ನಮ್ಮ ಯಜಮಾನರು ಮಾತ್ರ, ಅದೂ ಹೋದ ವರ್ಷ ಎಂದು ಹೇಳಿದಳು. ತಿರುವಿನಲ್ಲಿ ಹೇಳಿದಳು. ಮಾರುಕಟ್ಟೆಯಲ್ಲಿ ಹೇಳಿದಳು. ಗ್ರಂಥಾಲಯದ ಮೆಟ್ಟಿಲ ಮೇಲೆ ನಿಂತು ಹೇಳಿದಳು.

ಹಲ್ಲಿನ ಡಾಕ್ಟರ ಬಾಗಿಲಿಗೆ ಒಂದು ರಟ್ಟು ನೇತಾಡುತ್ತಿತ್ತು. 'ಡಾಕ್ಟರು ಬದುಕಿದ್ದಾರೆ. ಒಳಗೆ ಬನ್ನಿ.' ಒಳಗೆ ಯಾರೂ ಇರಲಿಲ್ಲ. ಹಲ್ಲುನೋವಿನವರಿಗೆ ಮೊದಲೇ ಹಿಂಜರಿಕೆ, ಅದರ ಮೇಲೆ ಇಂಥ ರಟ್ಟು. ಡಾಕ್ಟರು ಹಾಸಿಗೆ ಕೊಳ್ಳುವ ಮುಂಚಿನ ಕಾಲದ ಹಾಗೆ ಸಿಡುಕಿದರು. ಅವಳು ಬಾಯಿ ತೆರೆಯಲಿಲ್ಲ. ಅಲ್ಲಿ ಬಾಯಿ ತೆರೆದರೆ ಅಪಾಯ ಎಂದೂ ಅವಳಿಗೆ ಗೊತ್ತಿತ್ತು. ಬೈದು ಸುಸ್ತಾದ ಮೇಲೆ ಡಾಕ್ಟರು ದಿಂಬನ್ನು ಒತ್ತಿ ನೋಡಿ, ಇನ್ನೂ ಸ್ವಲ್ಪ ಗಟ್ಟಿ ಇರಬೇಕಿತ್ತು ಎಂದರು. ಅದರರ್ಥ ಕ್ಷಮಿಸಿದರು ಎಂದು.

ಕೊನೆಗೆ ಹೆಡ್‌ಮಾಸ್ಟರ ಮನೆ. ಬಾಗಿಲ ಮುಂದೆ ಚಪ್ಪಲಿಯ ರಾಶಿ ನೋಡಿ ಅವಳ ಜೀವ ಹಾರಿತು. ನಿಜವಾಗಿಯೂ ಏನಾದರೂ ಆಗಿಬಿಟ್ಟಿತೇ ಎಂದು ಮೆಲ್ಲಗೆ ಇಣುಕಿದಳು. ಹೆಡ್‌ಮಾಸ್ಟರು ನಡುಮನೆಯ ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದರು. ಸುತ್ತ ಹೂಗುಚ್ಛ. ತಲೆ ನರೆತ ಹಳೆಯ ವಿದ್ಯಾರ್ಥಿಗಳು ನೆಲದ ಮೇಲೆ ಕೂತಿದ್ದರು. ಸುದ್ದಿ ಓದಿ ಹೂವು ಹಿಡಿದು ಬಂದವರಿಗೆ ಅವರೇ ಬಾಗಿಲು ತೆರೆದಿದ್ದರು. ಬಂದವರು ಹೆದರಿ, ಆಮೇಲೆ ನಕ್ಕು, ಆಮೇಲೆ ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡ ಹೊಗಳಿಕೆಯನ್ನು ವ್ಯರ್ಥ ಮಾಡುವುದು ಯಾಕೆಂದು ಅವರ ಎದುರಿಗೇ ಆಡಿಬಿಟ್ಟಿದ್ದರು. ಹೆಡ್‌ಮಾಸ್ಟರ ಮುಖ ಹದಿನಾರರ ಹುಡುಗನ ಮುಖದಂತೆ ಹೊಳೆಯುತ್ತಿತ್ತು.

ಅವಳು ಕೈಮುಗಿದು, ತಪ್ಪಾಯಿತು, ಎಲ್ಲ ಸರಿಮಾಡಿದ್ದೇನೆ ಎಂದಳು. ಅವರ ಮುಖ ಸ್ವಲ್ಪ ಬಾಡಿತು.

"ಇಷ್ಟು ಬೇಗ ಯಾಕಮ್ಮ ಸರಿಮಾಡಿದೆ?" ಎಂದರು. "ನಂದೊಂದು ಸಾಲು ಭಾನುವಾರದ ತನಕ ಹಾಗೇ ಇದ್ದಿದ್ರೆ ಚೆನ್ನಾಗಿತ್ತು. ದೂರದಿಂದ ಬರೋರು ಇನ್ನೂ ಇದ್ದಾರೆ."

"ಬೇಡಮ್ಮ, ನಿನ್ನ ಕಾಲಿಗೆ ಬೀಳ್ತೀನಿ," ಎಂದು ಒಳಗಿನಿಂದ ಅವರ ಹೆಂಡತಿ ಹೇಳಿದರು. "ಇವರು ಸತ್ತಾಗಿನಿಂದ ಟೀ ಕಾಯಿಸಿ ಕಾಯಿಸಿ ನಾನು ಸಾಯೋ ಹಾಗಾಗಿದೆ."

ಹೊರಡುವಾಗ ಹೆಡ್‌ಮಾಸ್ಟರು ಬಾಗಿಲವರೆಗೆ ಬಂದರು. ದಿಂಬನ್ನು ಕೈಯಲ್ಲಿ ತಿರುಗಿಸುತ್ತ ನಿಂತರು. ನಿನ್ನ ಗಂಡ ಹೋದಾಗ ನಾನು ಬರಲಿಲ್ಲ, ಬಂದು ಏನು ಮಾತಾಡಬೇಕು ಎಂದು ತಿಳಿಯಲಿಲ್ಲ ಎಂದರು. ನಲವತ್ತು ವರ್ಷ ಮಕ್ಕಳಿಗೆ ಮಾತು ಕಲಿಸಿದವರು. ಅವಳು, ನನಗೂ ತಿಳಿಯಲಿಲ್ಲ ಸಾರ್, ಅದಕ್ಕೇ ಇಷ್ಟೆಲ್ಲ ಆದದ್ದು ಎಂದಳು. ಇಬ್ಬರೂ ಸ್ವಲ್ಪ ನಕ್ಕರು. ಇಬ್ಬರೂ ಬೇರೆ ಬೇರೆ ಕಡೆ ನೋಡಿ ಕಣ್ಣು ಒರೆಸಿಕೊಂಡರು.

ಅಂಗಡಿಗೆ ಮರಳುವ ದಾರಿಯಲ್ಲಿ ಅವಳಿಗೆ ಒಂದು ವಿಷಯ ಹೊಳೆಯಿತು. ಒಂದು ಮಾತನ್ನು ಬಾಯಿಂದ ಹೇಳಬಾರದೆಂದು ಅವಳು ಯಂತ್ರ ತಂದಳು. ಆ ಯಂತ್ರದ ದೆಸೆಯಿಂದ ಆ ಮಾತನ್ನು ಇಡೀ ವರ್ಷದಲ್ಲಿ ಹೇಳದಷ್ಟು ಸಲ ಒಂದೇ ದಿನ ಹೇಳಿದ್ದಳು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಆದರೆ ಹೇಳಿ ಹೇಳಿ ನಾಲಿಗೆ ಪಳಗಿತ್ತು. ಇನ್ನು ಯಾರೇ ಫೋನು ಮಾಡಲಿ, ಮೂರು ಪದದಲ್ಲಿ ಹೇಳಿ ಮುಗಿಸುತ್ತೇನೆ, ಪ್ಲಗಿನ್ನಿನ ಹಂಗು ಬೇಡ ಎಂದು ಗೊರಕೆಗೆ ಹೇಳಿದಳು. ಬೆಳಿಗ್ಗೆ ಹೋಗಿದ್ದ ಜಂಬ ಸಂಜೆಯ ಹೊತ್ತಿಗೆ ಅರ್ಧದಷ್ಟು ವಾಪಸು ಬಂದಿತ್ತು.

ಪರೀಕ್ಷೆಗೆ ತಡವಾಗಲಿಲ್ಲ. ಶಟರು ಇಳಿಸುವ ಮೊದಲೇ ಫೋನು ಬಂತು.

"ಯಜಮಾನರು ಇದ್ದಾರಾ?"

ಅವಳು ನೆಟ್ಟಗೆ ನಿಂತಳು. "ಇಲ್ಲ. ಅವರು ತೀರಿಹೋದ್ರು."

ಒಂದೇ ಏಟಿಗೆ ಬಂತು. ಅವಳು ಗೊರಕೆಯ ಕಡೆ ಹೆಮ್ಮೆಯಿಂದ ನೋಡಿದಳು. ಆ ಕಡೆಯವರು ಅಯ್ಯೋ ಎನ್ನುತ್ತಾರೆ ಎಂದು ಕಾದಳು. ಆ ಕಡೆಯವರು ಹೊಟ್ಟೆ ತುಂಬ ನಕ್ಕರು.

"ಗೊತ್ತಮ್ಮ, ನಾನೂ ಓದಿದೆ. ಹೆಡ್‌ಮಾಸ್ಟ್ರೂ ತೀರಿಹೋದ್ರು ಅಂತಿತ್ತು, ಈಗ ತಾನೇ ಅವರ ಮನೇಲಿ ಟೀ ಕುಡಿದು ಬಂದೆ. ನಿಮ್ಮ ಸೈಟು ಕೆಟ್ಟಿತ್ತಂತೆ. ಈಗ ನೋಡಿದೆ, ಸರಿಹೋಗಿದೆ. ಯಜಮಾನರು ಇದ್ದಾರೆ ಅಂತಲೇ ಬರ್ತಿದೆ. ಕೊಡಿ ಅವರಿಗೆ."

ಊರಿನಲ್ಲಿ ಅಷ್ಟು ಜನರನ್ನು ಸುಳ್ಳಾಗಿ ಸಾಯಿಸಿ, ಸತ್ತ ಒಬ್ಬನನ್ನು ಯಾರೂ ನಂಬದ ಹಾಗೆ ಮಾಡಿಕೊಂಡಿದ್ದಳು.

"ಅಷ್ಟು ಜನರಲ್ಲಿ ಅದೊಂದೇ ನಿಜ ಸಾರ್," ಎಂದಳು.

ನಗು ನಿಂತಿತು. ಆ ಕಡೆಯವರು ಉಸಿರು ಎಳೆದುಕೊಂಡದ್ದು ಕೇಳಿಸಿತು. ಅವರು ಅಯ್ಯೋ ಎನ್ನುವ ಮೊದಲೇ ಅವಳು ಮುಂದುವರಿಸಿದಳು.

"ಧೈರ್ಯ ನನ್ನ ಹತ್ರ ಬೇಕಾದಷ್ಟಿದೆ. ಈಗ ನಾನಿದ್ದೀನಿ. ಹಾಸಿಗೆ ಎಷ್ಟು ಉದ್ದ ಬೇಕು, ಅದನ್ನ ಹೇಳಿ."

ಆ ಕಡೆಯವರು ತಡವರಿಸಿದರು. ಆಮೇಲೆ ಉದ್ದ ಹೇಳಿದರು, ಅಗಲ ಹೇಳಿದರು. ಹತ್ತಿ ಗಟ್ಟಿಯಾಗಿ ತುಂಬಬೇಕು ಎಂದರು. ಅವಳು ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದುಕೊಂಡಳು. ಎಷ್ಟೋ ದಿನದ ಮೇಲೆ ಫೋನಿನಲ್ಲಿ ಬಂದ ಮೊದಲ ಹಾಸಿಗೆ. ಖುಷಿಯಲ್ಲಿ ದನಿ ಏರಿಸಿ, ಹಾಸಿಗೆ ಸಿಕ್ಕಿದ ಮೇಲೆ ಒಪ್ಪಿಗೆಯಾದರೆ ನಿಮ್ಮನ್ನೂ ನಮ್ಮ ಸಾಕ್ಷಿಗಳ ಪುಟಕ್ಕೆ ಸೇರಿಸುತ್ತೇನೆ ಎಂದಳು.

ಆ ಕಡೆಯವರು ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಹಾಸಿಗೆ ಮಾಡಿ ಕಳಿಸಿಮ್ಮ," ಎಂದರು ಅವರು ಮೆಲ್ಲಗೆ. "ಪುಟಕ್ಕೆ ಮಾತ್ರ ಬೇಡ. ನನಗಿನ್ನೂ ಸಣ್ಣ ಮಕ್ಕಳಿದ್ದಾರೆ."